ಕದ್ದ ಗರಿಯುಡುಗೆ, ಕೆಟ್ಟ ವಿಮಾನ: ವೈಜ್ಞಾನಿಕ ಪ್ರಣಯಕಥನದಲ್ಲಿ ಒಂದು ಜಾನಪದ ಆಶಯದ ಪರಿವರ್ತನೆ

ಆಕಾಶನೌಕೆಯ ಚಾಲಕನೊಬ್ಬ ತನ್ನ ವಾಹನ ಕೆಟ್ಟು ಅಪರಿಚಿತ ನೆಲದ ಮೇಲೆ ಬೀಳುತ್ತಾನೆ. ಆ ನೆಲದ ಹೆಣ್ಣೊಬ್ಬಳು ಅವನಿಗೆ ಆಸರೆಯಾಗುತ್ತಾಳೆ. ಇಬ್ಬರ ನಡುವೆ ಪ್ರೀತಿ ಹುಟ್ಟುತ್ತದೆ. ಕೊನೆಗೆ ಅವನು ಹಿಂದಿರುಗಬೇಕೆ, ಇಲ್ಲೇ ನೆಲೆಸಬೇಕೆ ಎಂಬ ಪ್ರಶ್ನೆ ಎದುರಾಗುತ್ತದೆ. ವೈಜ್ಞಾನಿಕ ಕಥೆ ಮತ್ತು ಚಲನಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಈ ವಿನ್ಯಾಸವನ್ನು ಬಾಹ್ಯಾಕಾಶಯುಗದ ಕಲ್ಪನೆಯೆಂದು ಭಾವಿಸುವುದು ವಾಡಿಕೆ. ಜಾನಪದ ಅಧ್ಯಯನದ ಹಿನ್ನೆಲೆಯಲ್ಲಿ ನೋಡಿದಾಗ ಇದು ಜಗತ್ತಿನ ಅತ್ಯಂತ ವ್ಯಾಪಕ ಕಥೆಗಳಲ್ಲೊಂದಾದ ಹಂಸಕನ್ಯೆಯ ಕಥೆಗೆ ಹತ್ತಿರದ ಬಂಧುವೆಂಬುದು ಸ್ಪಷ್ಟವಾಗುತ್ತದೆ. ಆದರೆ ಸಾಮ್ಯವನ್ನು ಗುರುತಿಸಿದ ಮಾತ್ರಕ್ಕೆ ವಿಮರ್ಶೆಯ ಹೊಣೆ ತೀರುವುದಿಲ್ಲ. ಜನಪದ ಕಥೆಯಲ್ಲಿ ಆಕಾಶದವಳು ನೆಲದಲ್ಲಿ ಸಿಲುಕುವುದಕ್ಕೆ ಒಬ್ಬ ಕಳ್ಳ ಕಾರಣ. ವೈಜ್ಞಾನಿಕ ಪ್ರಣಯಕಥನದಲ್ಲಿ ಸಾಮಾನ್ಯವಾಗಿ ಒಂದು ಅಪಘಾತ ಕಾರಣ. ಕಳವಿನ ಸ್ಥಾನಕ್ಕೆ ಅಪಘಾತ ಬಂದೊಡನೆ ಕಥೆಯೊಳಗಿನ ಹೊಣೆಗಾರಿಕೆಯ ಲೆಕ್ಕವೇ ಬದಲಾಗುತ್ತದೆ. ಈ ಬದಲಾವಣೆಯಿಂದ ಕಥೆ ಕಳೆದುಕೊಂಡುದೇನು, ಅಳಿಸಿಹೋದ ಕಳವು ಮತ್ತೆ ಎಲ್ಲೆಲ್ಲಿ ತಲೆಯೆತ್ತುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1

ಹಂಸಕನ್ಯೆಯ ಆಶಯವನ್ನು ಸ್ಟಿತ್ ಥಾಮ್ಸನ್ ತಮ್ಮ ಆಶಯ ಸೂಚಿಯಲ್ಲಿ ಡಿ 361.1 ಎಂಬ ಸಂಖ್ಯೆಯಡಿ ದಾಖಲಿಸಿದ್ದಾರೆ. ಹಾನ್ಸ್ ಯೋರ್ಗ್ ಊಥರ್ 2004ರಲ್ಲಿ ಪರಿಷ್ಕರಿಸಿದ ಕಥಾವರ್ಗ ಸೂಚಿಯಲ್ಲಿ ಕಳೆದುಹೋದ ಹೆಂಡತಿಯನ್ನು ಹುಡುಕಿ ಹೊರಡುವ ಗಂಡನ ಕಥೆಗೆ 400ನೆಯ ಸ್ಥಾನವಿದೆ; ಈ ಆಶಯ ಆ ವರ್ಗದಲ್ಲಿ ಧಾರಾಳವಾಗಿ ಸೇರಿಕೊಂಡಿದೆ. ಕಥೆಯ ಹಂದರ ಸರಳವಾದುದು. ಆಕಾಶದ ಹೆಣ್ಣುಗಳು ಕೆರೆಗೆ ಇಳಿದು ಗರಿಯುಡುಗೆಗಳನ್ನು ದಡದಲ್ಲಿಟ್ಟು ಮೀಯುತ್ತಾರೆ. ಬೇಡನೋ ಬೆಸ್ತನೋ ಒಂದು ಉಡುಗೆಯನ್ನು ಬಚ್ಚಿಡುತ್ತಾನೆ. ಹಾರಲಾರದೆ ಉಳಿದವಳು ಅವನ ಹೆಂಡತಿಯಾಗುತ್ತಾಳೆ, ಮಕ್ಕಳನ್ನು ಹೆರುತ್ತಾಳೆ. ಒಂದು ದಿನ ಉಡುಗೆ ಸಿಕ್ಕಾಗ ಹಾರಿಹೋಗುತ್ತಾಳೆ. ಅನೇಕ ಪಾಠಾಂತರಗಳಲ್ಲಿ ಅಡಗಿಸಿಟ್ಟ ಜಾಗವನ್ನು ತಾಯಿಗೆ ತಿಳಿಸುವುದು ಆಕೆಯ ಮಗುವೇ.

ಜಪಾನಿನ ಪ್ರಾಚೀನ ಪ್ರಾಂತೀಯ ವೃತ್ತಾಂತಗಳಾದ ಫುದೋಕಿಗಳಿಗೆ ಸೇರಿದವೆಂದು ಉಳಿದುಬಂದ ತುಣುಕುಗಳಲ್ಲಿ ಈ ಕಥೆಯ ಎರಡು ಪಾಠಗಳಿವೆ. ಓಮಿ ಪ್ರಾಂತದ ಪಾಠದಲ್ಲಿ ಗಂಡಸೊಬ್ಬ ಬಿಳಿ ನಾಯಿಯನ್ನು ಕಳಿಸಿ ಕಿರಿಯ ದೇವಕನ್ಯೆಯ ಉಡುಗೆಯನ್ನು ಕದಿಯಿಸುತ್ತಾನೆ. ಆಕೆಗೆ ನಾಲ್ವರು ಮಕ್ಕಳಾಗುತ್ತಾರೆ. ಉಡುಗೆ ಸಿಕ್ಕೊಡನೆ ಹೊರಟುಹೋಗುತ್ತಾಳೆ. ತಾಂಗೊ ಪ್ರಾಂತದ ಪಾಠದಲ್ಲಿ ಪ್ರಣಯದ ಸೋಂಕೇ ಇಲ್ಲ. ಮಕ್ಕಳಿಲ್ಲದ ಮುದುಕ ಮುದುಕಿಯರು ಉಡುಗೆಯನ್ನು ಬಚ್ಚಿಟ್ಟು ಅವಳನ್ನು ಮಗಳಾಗಿಸಿಕೊಳ್ಳುತ್ತಾರೆ. ಅವಳು ಕಾಸುವ ಅಕ್ಕಿಮದ್ಯದಿಂದ ಮನೆ ಸಿರಿವಂತವಾಗುತ್ತದೆ. ಸಿರಿ ಬಂದ ಮೇಲೆ, ನೀನು ನಮ್ಮ ಮಗಳಲ್ಲ ಎಂದು ಅವಳನ್ನು ಹೊರಗಟ್ಟುತ್ತಾರೆ. ಬಹುಕಾಲ ನೆಲದಲ್ಲಿದ್ದವಳಿಗೆ ಆಕಾಶಕ್ಕೆ ಮರಳುವ ದಾರಿ ತಿಳಿಯದು, ನೆಲದಲ್ಲಿ ನೆಂಟರಿಲ್ಲ. ಅಳುತ್ತ ಅಲೆದು ಕೊನೆಗೆ ನಗು ಎಂಬ ಹಳ್ಳಿಯಲ್ಲಿ ನೆಲೆಸಿ ದೇವತೆಯಾಗುತ್ತಾಳೆ. ಸಿಲುಕಿಸಿದವರು ಆಕೆಯ ದುಡಿಮೆಯನ್ನು ಉಂಡರು ಎಂಬ ಮಾತನ್ನು ಈ ಪಾಠ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಭಾರತೀಯ ಪರಂಪರೆಯಲ್ಲಿ ಋಗ್ವೇದದ ಹತ್ತನೆಯ ಮಂಡಲದ 95ನೆಯ ಸೂಕ್ತ ಮತ್ತು ಶತಪಥ ಬ್ರಾಹ್ಮಣಗಳಲ್ಲಿ ಬರುವ ಊರ್ವಶೀ ಪುರೂರವರ ಪ್ರಸಂಗ ಇದೇ ಬಳಗಕ್ಕೆ ಸೇರಿದುದು. ಶತಪಥ ಬ್ರಾಹ್ಮಣದ ನಿರೂಪಣೆಯಲ್ಲಿ ಉಡುಗೆಯ ಕಳವಿಲ್ಲ. ಅದರ ಬದಲಿಗೆ ಕರಾರಿದೆ. ಕರಾರು ಮುರಿಯುವಂತೆ ಮಾಡಲು ಕುರಿಮರಿಗಳನ್ನು ಕದಿಯುವವರು ಗಂಧರ್ವರು. ಅಗಲಿದ ಊರ್ವಶಿ ಸರೋವರದಲ್ಲಿ ನೀರುಹಕ್ಕಿಯ ರೂಪದಲ್ಲಿ ಕಾಣಿಸಿಕೊಳ್ಳುವುದು ಹಂಸಕನ್ಯೆಯ ನಂಟನ್ನು ದೃಢಪಡಿಸುತ್ತದೆ. ಕಳವೋ ಕರಾರೋ, ಆಕಾಶದವಳು ನೆಲದಲ್ಲಿ ಉಳಿಯುವುದಕ್ಕೂ ತೆರಳುವುದಕ್ಕೂ ಯಾರಾದರೊಬ್ಬರು ಉತ್ತರ ಹೇಳಬೇಕಾಗುತ್ತದೆ ಎಂಬುದು ಈ ಪಾಠಗಳ ಸಮಾನ ಲಕ್ಷಣ.

2

ಹೆಣ್ಣು ಸಿಲುಕುವ ಕಥೆಯ ಜೊತೆಗೆ ಆಕಾಶನಾವಿಕನಾದ ಗಂಡು ಸಿಲುಕುವ ಕಥೆಯೂ ಪ್ರಾಚೀನವಾದುದೇ. ಫ್ರಾನ್ಸಿನ ಲಿಯಾನ್ ನಗರದ ಆರ್ಚ್‌ಬಿಷಪ್ ಅಗೊಬಾರ್ಡ್ 9ನೆಯ ಶತಮಾನದ ಆರಂಭದಲ್ಲಿ ಆಲಿಕಲ್ಲು ಮತ್ತು ಗುಡುಗನ್ನು ಕುರಿತು ಬರೆದ ಗ್ರಂಥದಲ್ಲಿ ಅಂದಿನ ಜನರ ಒಂದು ನಂಬಿಕೆಯನ್ನು ಖಂಡಿಸುತ್ತಾನೆ. ಮಗೋನಿಯ ಎಂಬ ನಾಡಿನಿಂದ ಮೋಡಗಳಲ್ಲಿ ಹಡಗುಗಳು ಬರುತ್ತವೆ. ಆಲಿಕಲ್ಲಿಗೆ ಉದುರಿದ ಕಾಳನ್ನು ಆ ನಾವಿಕರು ಹೊತ್ತೊಯ್ಯುತ್ತಾರೆ ಎಂಬುದು ಆ ನಂಬಿಕೆ. ಅಂಥ ಹಡಗಿನಿಂದ ಬಿದ್ದವರೆಂದು ಮೂವರು ಗಂಡಸರನ್ನೂ ಒಬ್ಬ ಹೆಂಗಸನ್ನೂ ಕಟ್ಟಿಹಾಕಿ ಕಲ್ಲೆಸೆದು ಕೊಲ್ಲಲು ತಂದಿದ್ದರೆಂದೂ ಅವನು ದಾಖಲಿಸಿದ್ದಾನೆ. 13ನೆಯ ಶತಮಾನದ ಆರಂಭದಲ್ಲಿ ಟಿಲ್ಬರಿಯ ಜರ್ವೇಸ್ ಬರೆದ ಕಥೆಯಲ್ಲಿ ಮೋಡದ ಹಡಗಿನ ಲಂಗರು ಇಂಗ್ಲೆಂಡಿನ ಚರ್ಚೊಂದರ ಬಳಿಯ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಇಳಿದ ನಾವಿಕನನ್ನು ಜನ ಹಿಡಿದುಕೊಳ್ಳುತ್ತಾರೆ. ನಮ್ಮ ದಟ್ಟವಾದ ಗಾಳಿಯಲ್ಲಿ ಅವನು ನೀರಿನಲ್ಲಿ ಮುಳುಗಿದವನಂತೆ ಸಾಯುತ್ತಾನೆ. ಅದೇ ಶತಮಾನದ ನಾರ್ವೆಯ ಗ್ರಂಥವಾದ ರಾಜದರ್ಪಣದಲ್ಲಿ, ಐರ್ಲೆಂಡಿನಲ್ಲಿ ನಡೆದುದೆಂದು ಹೇಳಲಾದ ಇಂಥದೇ ಸನ್ನಿವೇಶದಲ್ಲಿ, ಬಿಷಪ್ಪನೊಬ್ಬ ನಾವಿಕನನ್ನು ಹಿಡಿಯದಂತೆ ತಡೆದು ಬದುಕಿಸುತ್ತಾನೆ.

ಈ ಮೂರೂ ವೃತ್ತಾಂತಗಳಲ್ಲಿ ಹಳ್ಳಿಯೇ ಕರ್ತೃಸ್ಥಾನದಲ್ಲಿದೆ. ಬಿದ್ದವನನ್ನು ಹಿಡಿಯಬೇಕೆ, ಕೊಲ್ಲಬೇಕೆ, ಬಿಡಬೇಕೆ ಎಂದು ನಿರ್ಧರಿಸುವವರು ನೆಲದ ಜನ. ಅವರ ಕ್ರೌರ್ಯಕ್ಕೂ ಬೆಳೆ ಹಾಳಾದ ರೈತನ ಆತಂಕದ ಹಿನ್ನೆಲೆಯಿದೆ.

ಜೈನ ಕಥಾಪರಂಪರೆಯಲ್ಲಿ ವಿಮಾನ ನಿಲ್ಲುವ ಪ್ರಸಂಗಕ್ಕೆ ಬೇರೆಯೇ ಅರ್ಥವಿದೆ. ವಿಮಲಸೂರಿಯ ಪಉಮಚರಿಯದಲ್ಲಿ ದಶಮುಖನ ಪುಷ್ಪಕ ಅಷ್ಟಾಪದ ಪರ್ವತದ ಮೇಲೆ ತಟಸ್ಥವಾಗುತ್ತದೆ; ಕೆಳಗೆ ತಪಸ್ಸಿಗೆ ನಿಂತ ವಾಲಿಮುನಿಯ ಮಹಿಮೆಯೇ ಅದಕ್ಕೆ ಕಾರಣ. ಕೆರಳಿದ ದಶಮುಖ ಪರ್ವತವನ್ನೇ ಎತ್ತಲು ಹೋಗಿ ನೊಂದು, ಕೊನೆಗೆ ಕ್ಷಮೆ ಬೇಡಬೇಕಾಗುತ್ತದೆ. ವಿದ್ಯಾಧರರ ಲೋಕವನ್ನು ಪಂಪ, ನಾಗಚಂದ್ರರಂಥ ಕವಿಗಳ ಮೂಲಕ ಬಲ್ಲ ಕನ್ನಡ ಓದುಗರಿಗೆ ಈ ಕಲ್ಪನೆ ಹೊಸದಲ್ಲ. ಇಲ್ಲಿ ಯಂತ್ರ ಸುಮ್ಮನೆ ಕೆಡುವುದಿಲ್ಲ. ಕೆಳಗಿರುವವರ ಇರವನ್ನು ಮೇಲಿನವನು ಮನ್ನಿಸಲೇಬೇಕಾದ ಕಡೆ ನಿಲ್ಲುತ್ತದೆ.

3

ಆಧುನಿಕ ಕಥನದಲ್ಲಿ ಈ ಆಶಯದ ಮಹತ್ವದ ತಿರುವು ಎಚ್. ಜಿ. ವೆಲ್ಸ್ 1904ರಲ್ಲಿ ಪ್ರಕಟಿಸಿದ ‘ಕುರುಡರ ನಾಡು’ ಕಥೆಯಲ್ಲಿದೆ. ಇದರ ನಾಯಕ ನೂನ್ಯೆಸ್ ವಿಮಾನ ಚಾಲಕನಲ್ಲ, ಪರ್ವತಾರೋಹಿ. ಆದರೆ ಮೇಲಿನಿಂದ ಬಿದ್ದು ಹೊರಗಿನ ಲೋಕ ಮರೆತ ಕಣಿವೆಯೊಂದರಲ್ಲಿ ಸಿಲುಕುವುದರಿಂದ ಕಥೆಯ ರಚನೆ ಒಂದೇ. ತಲೆಮಾರುಗಳಿಂದ ಎಲ್ಲರೂ ಕುರುಡರಾಗಿರುವ ಆ ಹಳ್ಳಿಯಲ್ಲಿ ತಾನೇ ಅರಸನಾಗಬಹುದೆಂದು ಅವನು ಬಗೆಯುತ್ತಾನೆ. ಆದರೆ ಹಳ್ಳಿಯವರ ಕಣ್ಣಿಗೆ ಅವನೇ ಅರೆಬುದ್ಧಿಯವನಾಗುತ್ತಾನೆ. ಯಾಕೊಬನ ಕಿರಿಯ ಮಗಳು ಮೆದೀನಾ ಸರೋತೆಯನ್ನು ಅವನು ಮದುವೆಯಾಗಬೇಕಾದರೆ ಕಣ್ಣುಗಳನ್ನು ತೆಗೆಸಿಕೊಳ್ಳಬೇಕೆಂದು ಹಿರಿಯರು ವಿಧಿಸುತ್ತಾರೆ. ಇಲ್ಲಿ ಗರಿಯುಡುಗೆ ದೇಹದ ಹೊರಗಿನ ವಸ್ತುವಲ್ಲ, ದೇಹದ ಅಂಗವೇ ಆಗಿದೆ. ಅದನ್ನು ಯಾರೂ ಕದಿಯುವುದಿಲ್ಲ, ನೇರವಾಗಿಯೇ ಕೇಳುತ್ತಾರೆ. ನೂನ್ಯೆಸ್ ಅವಳನ್ನು ಬಿಟ್ಟು ಬೆಟ್ಟವೇರುತ್ತಾನೆ.

35 ವರ್ಷಗಳ ಅನಂತರ, 1939ರಲ್ಲಿ, ವೆಲ್ಸ್ ಈ ಕಥೆಯ ಕೊನೆಯನ್ನು ತಿದ್ದಿ ಬರೆದರು. ಪರಿಷ್ಕೃತ ಪಾಠದಲ್ಲಿ ಮೆದೀನಾ ಸರೋತೆ ಅವನೊಡನೆ ಹೊರಲೋಕಕ್ಕೆ ಬರುತ್ತಾಳೆ, ತಾಯಿಯಾಗುತ್ತಾಳೆ. ಆದರೂ ದೃಷ್ಟಿ ಪಡೆಯುವ ಆಸೆ ಅವಳಿಗಿಲ್ಲ. ನೋಡುವುದೇ ಭಯಂಕರವಿರಬೇಕೆಂದು ಅವಳ ಭಾವನೆ. ಹಳ್ಳಿಯವಳಿಗೆ ತನ್ನದೇ ಆದ ಲೋಕದೃಷ್ಟಿಯುಂಟು, ಆಗಂತುಕನ ಲೋಕ ಅವಳ ಪಾಲಿಗೆ ಬಿಡುಗಡೆಯಲ್ಲ ಎಂಬ ಅರಿವು ಮೊದಲ ಪಾಠಕ್ಕಿಂತ ಎರಡನೆಯದರಲ್ಲಿ ಗಟ್ಟಿಯಾಗಿದೆ. ಮೊದಲ ಪಾಠದ ಬಿಗಿ ಎರಡನೆಯದಕ್ಕಿಲ್ಲವೆಂದು ವಾದಿಸಬಹುದಾದರೂ ಈ ಒಂದು ಕಾರಣಕ್ಕೆ ಅದು ಹೆಚ್ಚಿನ ಗಮನಕ್ಕೆ ಯೋಗ್ಯವಾಗಿದೆ.

4

ಜಾನ್ ಕಾರ್ಪೆಂಟರ್ ನಿರ್ದೇಶಿಸಿದ ‘ಸ್ಟಾರ್‌ಮ್ಯಾನ್’ (1984) ಮತ್ತು ಹೊವರ್ಡ್ ಮೆಕೇನ್ ನಿರ್ದೇಶಿಸಿದ ‘ಔಟ್‌ಲ್ಯಾಂಡರ್’ (2008) ಚಲನಚಿತ್ರಗಳು ಈ ಆಶಯವನ್ನು ಪೂರ್ಣಪ್ರಮಾಣದಲ್ಲಿ ಬಳಸಿಕೊಂಡಿವೆ. ಮೊದಲನೆಯದರಲ್ಲಿ ಅನ್ಯಲೋಕದ ಯಾತ್ರಿಕ ಬರುವುದು 1977ರಲ್ಲಿ ಉಡಾಯಿಸಿದ ವಾಯೇಜರ್ ನೌಕೆ ಹೊತ್ತ ಆಮಂತ್ರಣವನ್ನು ಮನ್ನಿಸಿ. ಕರೆದವರೇ ಅವನ ನೌಕೆಯನ್ನು ಹೊಡೆದು ಬೀಳಿಸುತ್ತಾರೆ. ಆದ್ದರಿಂದ ಇಲ್ಲಿನ ಪತನ ಅಪಘಾತವಲ್ಲ, ಅತಿಥಿದ್ರೋಹ. ವಿಸ್ಕಾನ್ಸಿನ್ ರಾಜ್ಯದ ಒಂಟಿ ಮನೆಯಲ್ಲಿರುವ ವಿಧವೆ ಜೆನ್ನಿಯ ಗಂಡನ ತಲೆಗೂದಲಿನಿಂದ ಅವನು ಸತ್ತವನ ರೂಪವನ್ನೇ ತಾಳಿ, ಅವಳನ್ನು ಬಲವಂತವಾಗಿ ಹೊರಡಿಸಿಕೊಂಡು ಅರಿಜೋನದ ಉಲ್ಕಾಕುಳಿಯತ್ತ ಸಾಗುತ್ತಾನೆ. ಹಂಸಕನ್ಯೆಯ ಕಥೆಯ ಕಳವು ಇಲ್ಲಿ ದಿಕ್ಕು ಬದಲಿಸಿದೆ: ಕದಿಯುವವನು ಆಗಂತುಕ, ಕದ್ದದ್ದು ಸತ್ತ ಗಂಡನ ರೂಪ. ಅವಳ ಭಯ ಪ್ರೀತಿಯಾಗಿ ತಿರುಗುವುದನ್ನು ಚಿತ್ರ ನಂಬಿಸುತ್ತದೆಯಾದರೂ ಆ ಮೊದಲ ಬಲವಂತವನ್ನು ಮತ್ತೆ ವಿಚಾರಣೆಗೆ ಒಳಪಡಿಸುವುದಿಲ್ಲ. ಗರ್ಭ ನಿಂತಾಗ ಮಾತ್ರ, ನಿನಗೆ ಬೇಡವಾದರೆ ತಡೆಯಬಲ್ಲೆನೆಂದು ಅವನು ಅವಳ ಒಪ್ಪಿಗೆ ಕೇಳುತ್ತಾನೆ. ಕೊನೆಗೆ ಆಕಾಶದವನು ಮರಳುತ್ತಾನೆ. ಮಗು ನೆಲದಲ್ಲಿ ಉಳಿಯುತ್ತದೆ. ಜನಪದ ಕಥೆಯ ಮುಕ್ತಾಯ ಲಿಂಗ ಬದಲಿಸಿಕೊಂಡು ಹಾಗೆಯೇ ಉಳಿದಿದೆ.

‘ಔಟ್‌ಲ್ಯಾಂಡರ್’ ಚಿತ್ರದಲ್ಲಿ ಕೈನಾನನ ನೌಕೆ ಕ್ರಿ. ಶ. 709ರ ನಾರ್ವೆಯಲ್ಲಿ ಬೀಳುತ್ತದೆ. ಅವನೊಡನೆ ಬಂದ ಮೂರ್ವೆನ್ ಎಂಬ ದೈತ್ಯಜೀವಿ ಹಳ್ಳಿಗಳನ್ನು ನಾಶಮಾಡತೊಡಗುತ್ತದೆ. ಕಥೆ ಮುಂದುವರಿದಂತೆ ಆ ಜೀವಿಗಳ ನೆಲವನ್ನು ಅವನ ಜನರೇ ಸುಟ್ಟು ವಶಪಡಿಸಿಕೊಂಡಿದ್ದರೆಂಬ ಸಂಗತಿ ಬಯಲಾಗುತ್ತದೆ. ಅಪಘಾತದ ಹಿಂದೆ ಒಂದು ಕಳವಿದೆ. ಅದರ ದಂಡವನ್ನು ತೆರುವವರು ಅದರಲ್ಲಿ ಯಾವ ಪಾಲೂ ಇಲ್ಲದ ಹಳ್ಳಿಗರು. ಈ ನಿಷ್ಠುರ ಸತ್ಯವನ್ನು ಮುಟ್ಟಿದ ಚಿತ್ರ, ದೈತ್ಯನ ವಧೆಯೊಂದಿಗೆ ಅದನ್ನು ಕೈಬಿಟ್ಟು ನಾಯಕನನ್ನು ಅರಸನ ಮಗಳು ಫ್ರೇಯಾಳಿಗೆ ಗಂಡನನ್ನಾಗಿಸುತ್ತದೆ. ತನ್ನವರಿಗೆ ಸುಳಿವು ನೀಡುವ ಸಾಧನವನ್ನು ಕೈನಾನ್ ತಾನೇ ಒಡೆದುಹಾಕುತ್ತಾನೆ. ಕಪ್ಪೆರಾಣಿಯ ಕಥೆಗಳಲ್ಲಿ ಹೆಂಡತಿಯ ಪ್ರಾಣಿಚರ್ಮವನ್ನು ಗಂಡ ಸುಡುತ್ತಾನೆ, ಅದರಿಂದಲೇ ಅವಳನ್ನು ಕಳೆದುಕೊಳ್ಳುತ್ತಾನೆ. ಇಲ್ಲಿ ಗಂಡು ತನ್ನ ಉಡುಗೆಯನ್ನು ತಾನೇ ಸುಡುತ್ತಾನೆ, ಅದರಿಂದ ರಾಜ್ಯವನ್ನೂ ಹೆಣ್ಣನ್ನೂ ಪಡೆಯುತ್ತಾನೆ. ಸಿಲುಕಿದ ಹೆಣ್ಣಿಗೆ ಜನಪದ ಕಥೆ ಕೊಡದ ಆಯ್ಕೆಯನ್ನು ವೈಜ್ಞಾನಿಕ ಕಥೆ ಸಿಲುಕಿದ ಗಂಡಿಗೆ ಉದಾರವಾಗಿ ಕೊಟ್ಟಿದೆ.

ಭಾಷೆ ಕಲಿಯುವ ಸನ್ನಿವೇಶವೂ ಗಮನಾರ್ಹ. ಕೈನಾನನಿಗೆ ಯಂತ್ರವೊಂದು ಆ ನಾಡಿನ ನುಡಿಯನ್ನು ಕಣ್ಣಿನ ಮೂಲಕ ತುಂಬಿಬಿಡುತ್ತದೆ. ಪರಕೀಯನನ್ನು ಮಾತಿಗೆ ತರುವುದಕ್ಕೆ ಹಳ್ಳಿಯವರು ಪಡಬೇಕಾದ ಶ್ರಮ ಕಥೆಯಿಂದಲೇ ಮಾಯವಾಗುತ್ತದೆ.

5

ರಾಜಕುಮಾರ್ ಹಿರಾನಿ ನಿರ್ದೇಶನದ ಹಿಂದಿ ಚಲನಚಿತ್ರ ‘ಪಿಕೆ’ (2014) ಈ ಸಾಲಿನಲ್ಲಿ ಭಿನ್ನವಾಗಿ ನಿಲ್ಲುತ್ತದೆ. ರಾಜಸ್ಥಾನದ ಬಯಲಿನಲ್ಲಿ ಬತ್ತಲೆಯಾಗಿ ಇಳಿದ ಅನ್ಯಲೋಕದವನ ಕೊರಳಿನಲ್ಲಿರುವ, ನೌಕೆಯನ್ನು ಮರಳಿ ಕರೆಯುವ ಸಾಧನವನ್ನು ಅವನು ಕಂಡ ಮೊದಲ ಮನುಷ್ಯನೇ ಕಿತ್ತುಕೊಂಡು ಓಡುತ್ತಾನೆ. ಹಂಸಕನ್ಯೆಯ ಕಳವು ತನ್ನ ಮೂಲರೂಪದಲ್ಲಿ ಮರಳಿ ಬಂದಿದೆ. ಕದ್ದ ವಸ್ತು ಮುಂದೆ ದೆಹಲಿಯ ಬಾಬಾ ಒಬ್ಬನ ಕೈಯಲ್ಲಿ ದೇವರ ಕೊಡುಗೆಯೆಂದು ಪೂಜೆಗೊಳ್ಳುತ್ತದೆ. ನಾಯಕಿ ಜಗ್ಗು ಹಳ್ಳಿಯವಳಲ್ಲ, ದೂರದರ್ಶನದ ವರದಿಗಾರ್ತಿ. ಆದರೆ ಉಡುಗೆಯನ್ನು ಬಚ್ಚಿಡುವ ಗಂಡನ ಸ್ಥಾನದಲ್ಲಿ ಇಲ್ಲಿ ಅದನ್ನು ಹುಡುಕಿಕೊಡುವ ಗೆಳತಿ ನಿಂತಿದ್ದಾಳೆ. ಪ್ರೀತಿಸಿಯೂ ಹೇಳದೆ ಅವನು ಮರಳುತ್ತಾನೆ. ಆದರೂ ಚಿತ್ರದಲ್ಲೊಂದು ಕೊರತೆಯುಂಟು. ಆರು ಗಂಟೆಗಳ ಕಾಲ ವೇಶ್ಯೆಯೊಬ್ಬಳ ಕೈ ಹಿಡಿದು ಕುಳಿತು ಅವನು ಭೋಜಪುರಿಯನ್ನು ಪಡೆಯುತ್ತಾನೆ. ಅವನಿಗೆ ನುಡಿಯನ್ನಿತ್ತ ಆ ಹೆಣ್ಣು ನಗೆಯ ಪ್ರಸಂಗವಾಗಿ ಮುಗಿದುಹೋಗುತ್ತಾಳೆ. ತಾಂಗೊ ಪಾಠದ ಅಕ್ಕಿಮದ್ಯದ ಲೆಕ್ಕ ಇಲ್ಲಿ ಮತ್ತೆ ಬಾಕಿ ಉಳಿದಿದೆ.

6

ಎ. ಕೆ. ರಾಮಾನುಜನ್ ಕನ್ನಡದಿಂದ ಸಂಗ್ರಹಿಸಿ ಇಂಗ್ಲಿಷಿನಲ್ಲಿ ನೀಡಿದ, 1997ರಲ್ಲಿ ಅವರ ಮರಣಾನಂತರ ಪ್ರಕಟವಾದ ಸಂಕಲನಕ್ಕೆ ಹೆಸರನ್ನಿತ್ತ ‘ಹೂಬಿಡುವ ಮರ’ದ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. ಒಂದು ಬಿಂದಿಗೆ ನೀರಿಗೆ ಮರವಾಗಿ, ಇನ್ನೊಂದು ಬಿಂದಿಗೆ ನೀರಿಗೆ ಮತ್ತೆ ಹೆಣ್ಣಾಗುವ ಈ ಹುಡುಗಿ ಆಕಾಶದಿಂದ ಬಂದವಳಲ್ಲ. ಆದರೆ ನಾದಿನಿಯ ಗುಂಪು ಕೊಂಬೆಗಳನ್ನು ಮುರಿದು, ನೀರನ್ನು ಸರಿಯಾಗಿ ಸುರಿಯದೆ ಹೋದಾಗ ಎರಡು ರೂಪಗಳ ನಡುವೆ ಸಿಲುಕುವವಳು ಅವಳು. ಬಿಡುಗಡೆಯ ಕ್ರಮವನ್ನು ಕಥೆ ಖಚಿತವಾಗಿ ಹೇಳುತ್ತದೆ: ಅವಳನ್ನು ಮತ್ತೆ ಮರವಾಗಿಸಿ, ಮುರಿದ ಕೊಂಬೆಗಳನ್ನು ಗಂಡ ಜೋಡಿಸಿ ಕಟ್ಟಬೇಕು, ಆಮೇಲೆಯೇ ನೀರು. ಮುರಿದವರಾರು ಎಂಬುದು ಕೇಳುಗರಿಗೆ ಗೊತ್ತು. ಸರಿಪಡಿಸಬೇಕಾದವರಾರು ಎಂಬುದೂ ಗೊತ್ತು. ವೈಜ್ಞಾನಿಕ ಪ್ರಣಯಕಥನದಲ್ಲಿ ದುರಸ್ತಿಯಾಗುವುದು ಯಂತ್ರ. ಕನ್ನಡದ ಈ ಕಥೆಯಲ್ಲಿ ದುರಸ್ತಿಯಾಗುವುದು ವ್ಯಕ್ತಿ.

ಈ ವಿವೇಚನೆಯಿಂದ ವೈಜ್ಞಾನಿಕ ಕಥನ ಜನಪದ ಕಥನಕ್ಕಿಂತ ಕೀಳೆಂಬ ತೀರ್ಮಾನ ಹೊರಡುವುದಿಲ್ಲ. ಹಂಸಕನ್ಯೆಯ ಕಥೆಯೂ ಹೆಚ್ಚಿನ ಪಾಠಗಳಲ್ಲಿ ಕದ್ದವನ ವಿರಹಕ್ಕೇ ಮರುಗುತ್ತದೆ, ಕಳೆದುಕೊಂಡವಳ ವರ್ಷಗಳಿಗಲ್ಲ. ವ್ಯತ್ಯಾಸವಿರುವುದು ಸಾಕ್ಷ್ಯದಲ್ಲಿ. ಜನಪದ ಕಥೆ ಕಳವನ್ನು ಸಮರ್ಥಿಸಿದರೂ ಅಡಗಿಸುವುದಿಲ್ಲ; ಕದ್ದ ಉಡುಗೆಯನ್ನು ಮನೆಯೊಳಗೇ ಇಟ್ಟಿರುತ್ತದೆ, ಒಂದು ದಿನ ಮಗು ಅದನ್ನು ತೋರಿಸಿಕೊಡುತ್ತದೆ. ಅಪಘಾತದ ಕಥೆಯಲ್ಲಿ ತೋರಿಸಿಕೊಡಲು ಏನೂ ಇರುವುದಿಲ್ಲ. ಆದ್ದರಿಂದ ಈ ಬಗೆಯ ಕಥನಗಳನ್ನು ಅಧ್ಯಯನ ಮಾಡುವವರು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ: ಬಿದ್ದವರು ಬಿದ್ದದ್ದು ಯಾರಿಂದ? ಮರಳುವ ಸಾಧನ ಯಾರ ವಶದಲ್ಲಿದೆ? ಅವರು ನೆಲದಲ್ಲಿದ್ದಷ್ಟು ಕಾಲ ಅವರಿಗಾಗಿ ದುಡಿದವರು ಯಾರು, ಅವರ ದುಡಿಮೆಯನ್ನು ಉಂಡವರು ಯಾರು? ಪ್ರೀತಿಯ ಕಥೆಯೆಂದು ಹೇಳಿಕೊಳ್ಳುವ ಕಥೆ ಈ ಪ್ರಶ್ನೆಗಳಿಗೆ ಎಷ್ಟರ ಮಟ್ಟಿಗೆ ಬಾಯಿ ಬಿಡುತ್ತದೆ ಎಂಬುದರ ಮೇಲೆಯೇ ಅದರ ಮೌಲ್ಯ ನಿಂತಿದೆ.