ಬದುವಿನ ಬೇವು, ಕಚೇರಿಯ ಕಾಗದ

ಅಮೀನಗಡದ ಹೆಸರನ್ನು ನಾಡಿಗೆಲ್ಲ ಪರಿಚಯಿಸಿದ ಕರದಂಟು, ಮರವು ತೊಗಟೆಯ ಗಾಯದಿಂದ ಸ್ರವಿಸಿದ ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲ ಕೊಬ್ಬರಿ ಉತ್ತತ್ತಿಗಳೊಡನೆ ಕೂಡಿಸಿ ಮಾಡಿದ ಪದಾರ್ಥವಾದುದರಿಂದ, ಈ ಊರು ವೃಕ್ಷಕುಲಕ್ಕೆ ಋಣಿಯಾಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ರಾಯಚೂರು–ಬೆಳಗಾವಿ ರಸ್ತೆಯ ಇಕ್ಕೆಲಗಳಲ್ಲಿ ಹರಡಿದ ಎರೆಹೊಲಗಳ ಕಡೆಗೆ ಕಣ್ಣು ಹಾಯಿಸಿದವನಿಗೆ ಆ ಋಣವು ಸಂದಾಯವಾಗುತ್ತಿರುವ ಲಕ್ಷಣವೇನೂ ಕಾಣದು. ಬದುವಿನ ಮೇಲೆ ಅಲ್ಲೊಂದು ಬೇವು, ಇಲ್ಲೊಂದು ಕರಿಜಾಲಿ, ದೂರದಲ್ಲಿ ದಸರೆಯ ದಿನ ಮಾತ್ರ ಜನರಿಗೆ ನೆನಪಾಗುವ ಒಂದು ಬನ್ನಿ. ಇರುವವುಗಳಲ್ಲಿ ಬಹುಪಾಲು ಮುದಿಯವು. ಎಳೆಯ ಬೇವು ವಿರಳ. ಇದಕ್ಕೆ ಮಳೆಯನ್ನು ದೂರುವುದು ನಮ್ಮ ರೂಢಿ. ನಾನಾದರೋ ಒಂದು ಸರಕಾರಿ ಅರ್ಜಿಯನ್ನೂ ದೂರಬೇಕೆಂದಿದ್ದೇನೆ.

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು 1976ರದು. ಅದರ ಪ್ರಕಾರ, ತನ್ನ ಸ್ವಂತ ಹೊಲದಲ್ಲಿರುವ ಮರವನ್ನೇ ಕಡಿಯಬಯಸುವವನೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಲಿಖಿತ ಅರ್ಜಿಯನ್ನು ಸಲ್ಲಿಸಿ, ಭೂಮಿಯ ಒಡೆತನದ ದಾಖಲೆ, ಮರಗಳ ಜಾತಿ ಮತ್ತು ಸಂಖ್ಯೆ, ಅಳೆದ ಸುತ್ತಳತೆ, ಕಡಿಯುವುದಕ್ಕೆ ಕಾರಣ, ಗಡಿಗಳನ್ನು ತೋರಿಸುವ ನಕ್ಷೆ ಇವೆಲ್ಲವನ್ನೂ ಒದಗಿಸತಕ್ಕದ್ದು. ಅಧಿಕಾರಿಯು ಮರವನ್ನು ಪರಿಶೀಲಿಸಿ ಅನುಮತಿಯನ್ನು ಪೂರ್ಣವಾಗಿಯೋ ಭಾಗಶಃವೋ ಕೊಡಬಹುದು, ನಿರಾಕರಿಸುವುದಾದರೆ ಕಾರಣವನ್ನು ಬರೆದಿಡಬೇಕು. ಬರಹವಾಗಿ ನೋಡಿದರೆ ಇದು ಮೆಚ್ಚತಕ್ಕ ಶಾಸನವೇ ಸರಿ. ಒಣಗಿದ, ಗಾಳಿಗೆ ಉರುಳಿದ, ಜೀವಕ್ಕೆ ಅಪಾಯ ತರುವ ಮರಗಳ ವಿಷಯದಲ್ಲಿ ಅನುಮತಿಯನ್ನು ನಿರಾಕರಿಸಬಾರದೆಂದು ಹೇಳುವುದರ ಜೊತೆಗೆ, ಹಳ್ಳಿಗಾಡಿನಲ್ಲಿ ಉರುವಲು, ಮೇವು, ಒಕ್ಕಲುತನದ ಉಪಕರಣಗಳಿಗಾಗಿ ಬೇಕಾದ ಮರಕ್ಕೂ ಅದೇ ರಿಯಾಯಿತಿಯನ್ನು ಅದು ನೀಡುತ್ತದೆ. ಈ ವಾಕ್ಯವನ್ನು ಬರೆದವನು ಎಂದೋ ಒಂದು ದಿನ ಬಡಿಗನ ಅಂಗಳದಲ್ಲಿ ಕುಳಿತು, ಕರಿಜಾಲಿಯ ತುಂಡು ಕೂರಿಗೆಯೂ ಕುಂಟೆಯೂ ನೊಗವೂ ಆಗುವುದನ್ನು ಕಂಡಿದ್ದಿರಬೇಕು.

ತೊಡಕು ಕಾಗದಕ್ಕೂ ನೆಲಕ್ಕೂ ನಡುವಿನದು. ಅರ್ಜಿಯು ‘ಮರ’ವೆನ್ನುತ್ತದೆ, ನಮ್ಮ ಸೀಮೆಯಲ್ಲಿ ಮುಗಿಲೆತ್ತರದ ಹುಣಸೆಯೂ ‘ಗಿಡ’ವೇ, ಅದನ್ನು ನೆಡುವುದು ‘ಹಚ್ಚುವುದು’. ಶಬ್ದಭೇದವನ್ನು ನಕ್ಕು ಬಿಡಬಹುದು, ಬದುವಿನ ಭೇದವನ್ನು ಹಾಗೆ ಬಿಡಲಾಗದು. ಬೇವು ಬೆಳೆಯುವುದು ಬಹುಶಃ ಬದುವಿನ ಮೇಲೆಯೇ, ಬದುವು ಇಬ್ಬರ ನಡುವಿನದು, ಆ ಇಬ್ಬರೂ ಅನೇಕ ವೇಳೆ ವಾಟ್ನಿಯಾಗಿ ಬೇರೆಯಾದ ಅಣ್ಣತಮ್ಮಂದಿರು. ಬೇರು ಒಬ್ಬನ ಹೊಲದಲ್ಲಿ, ನೆರಳು ಮತ್ತೊಬ್ಬನ ಜೋಳದ ಮೇಲೆ. ಪಹಣಿಯಲ್ಲಿ ಮರಗಳಿಗೂ ಒಂದು ಅಂಕಣವುಂಟು, ಆದರೆ ನಾನು ಕಂಡ ಪಹಣಿಗಳಲ್ಲಿ ಅದು ಬರಿದಾಗಿಯೇ ಇತ್ತು. ಹೀಗಾಗಿ ಒಂದು ಮರದ ಅರ್ಜಿಯು ಮೋಜಣಿಯವರನ್ನೂ ದಾಯಾದಿಯ ಒಪ್ಪಿಗೆಯನ್ನೂ ಹಳೆಯ ಮನಸ್ತಾಪಗಳನ್ನೂ ಎಳೆದು ತಂದು, ಕೊಡಲಿಯ ಒಂದು ದಿನದ ಕೆಲಸವನ್ನು ಒಂದು ಋತುವಿನ ಅಲೆದಾಟವನ್ನಾಗಿ ಮಾಡುತ್ತದೆ.

ಇನ್ನು ಒಣಗಿದ ಮರದ ಮಾತು. ಕೊಂಬೆ ಸವರುವುದು, ತೊಗಟೆಯನ್ನು ಸುತ್ತಲೂ ಕೆತ್ತುವುದು, ಬೊಡ್ಡೆಗೆ ಬೆಂಕಿಯಿಡುವುದು ಇವೆಲ್ಲವೂ ‘ಕಡಿಯುವಿಕೆ’ಯ ವ್ಯಾಖ್ಯೆಯೊಳಗೇ ಬರುತ್ತವೆ, ಶಾಸನಕಾರನು ಇಷ್ಟರಮಟ್ಟಿಗೆ ದೂರದರ್ಶಿ. ಆದರೆ ಬೇಸಗೆಯಲ್ಲಿ ಹೊಲದ ಕಸವನ್ನು ಬೊಡ್ಡೆಯ ಪಕ್ಕದಲ್ಲೇ ರಾಶಿ ಹಾಕಿ ಸುಟ್ಟವನ ಸಂಕಲ್ಪವನ್ನು ಯಾವ ಪಂಚನಾಮೆಯು ಬರೆದೀತು? ಹಸಿರು ಮರಕ್ಕೆ ಹತ್ತು ಪ್ರಶ್ನೆ, ಸತ್ತ ಮರಕ್ಕೆ ಸರಾಗವಾದ ಅನುಮತಿ ಎಂದಮೇಲೆ, ಅರ್ಜಿ ಬರೆಯುವುದಕ್ಕಿಂತ ಮುಂಚೆ ಮರ ಸಾಯುವುದು ಅನುಕೂಲವೆಂಬ ದುರ್ಬುದ್ಧಿಯನ್ನು ನಿಯಮವೇ ಕಿವಿಯಲ್ಲಿ ಊದಿದಂತಾಯಿತು.

ನನ್ನ ಮುಖ್ಯ ಆಕ್ಷೇಪವು ಇದಕ್ಕಿಂತಲೂ ಹಿಂದಿನದು, ಗಿಡ ಹಚ್ಚುವ ಗಳಿಗೆಯದು. ನೀಲಗಿರಿ, ಸುಬಾಬುಲ್, ಗಾಳಿಮರ, ಸಿಲ್ವರ್ ಓಕ್, ತೆಂಗು ಮೊದಲಾದ ಕೆಲವನ್ನು ಅಧಿನಿಯಮವು ಅನುಮತಿಯ ಬಂಧನದಿಂದ ಬಿಟ್ಟಿದೆ. ರೈತನ ಸೌಕರ್ಯಕ್ಕೆಂದು ಮಾಡಿದ ಈ ಪಟ್ಟಿಯು, ಯಾರೂ ಉದ್ದೇಶಿಸದಿದ್ದರೂ, ನೆಡತಕ್ಕ ಗಿಡಗಳ ಪಟ್ಟಿಯಾಗಿ ಪರಿಣಮಿಸಿತು: ಕಡಿಯುವಾಗ ಯಾರನ್ನೂ ಕೇಳಬೇಕಾಗಿಲ್ಲದ ಗಿಡವನ್ನು ಬಿಟ್ಟು, ಮಗನ ಕಾಲಕ್ಕೆ ಕಚೇರಿಯ ಮೆಟ್ಟಿಲು ಹತ್ತಿಸುವ ಬೇವನ್ನು ಯಾವ ವಿವೇಕಿಯು ಹಚ್ಚಿಯಾನು? ವಿನೋದವೆಂದರೆ, 2017ರಲ್ಲಿ ಸರಕಾರವೇ ನೀಲಗಿರಿಯನ್ನು ನೆಡಬಾರದೆಂದು ನಿಷೇಧಿಸಿತು. ಒಂದು ಕೈಯಿಂದ ಕಡಿಯಲು ಸದರ, ಇನ್ನೊಂದು ಕೈಯಿಂದ ನೆಡಲು ತಡೆ.

ಈ ವಾದವು ಕೇವಲ ಊಹೆಯಲ್ಲವೆಂಬುದಕ್ಕೆ ಶ್ರೀಗಂಧವು ಸಾಕ್ಷಿ. ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಕಾಲದಿಂದ ರಾಜವೃಕ್ಷವೆನಿಸಿ, ಯಾರ ಹಿತ್ತಿಲಲ್ಲಿ ಹುಟ್ಟಿದರೂ ಪ್ರಭುತ್ವದ ಸೊತ್ತಾಗಿದ್ದ ಗಂಧವು ಒಕ್ಕಲಿಗನಿಗೆ ಲಾಭವಿಲ್ಲದ ಕಾವಲಾಗಿತ್ತು. ತಾನಾಗಿ ಮೊಳೆತ ಸಸಿಯನ್ನು ಸದ್ದಿಲ್ಲದೆ ಕಿತ್ತೆಸೆಯುವುದೇ ಅವನಿಗೆ ಕ್ಷೇಮವಾಗಿತ್ತು. 2001ರಲ್ಲಿ ಅರಣ್ಯ ಅಧಿನಿಯಮಕ್ಕೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಗಂಧದ ಒಡೆಯನೆಂದಾದ ಮೇಲೆ, ಕಡಿಯುವುದಕ್ಕೂ ಮಾರುವುದಕ್ಕೂ ಇಲಾಖೆಯ ಹಿಡಿತ ಉಳಿದಿದ್ದರೂ, ರೈತರು ಅದನ್ನು ಸಾಲುಹಿಡಿದು ನೆಡತೊಡಗಿದರು. ಬೇವಿಗೆ ಗಂಧದ ಬೆಲೆಯಿಲ್ಲ. ಆದುದರಿಂದ ಅದರ ಪರವಾಗಿ ತಿದ್ದುಪಡಿ ಬೇಡುವವರೂ ಇಲ್ಲ.

ಅನುಮತಿಯ ವ್ಯವಸ್ಥೆಯನ್ನೇ ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಇಟ್ಟಿಗೆಭಟ್ಟಿಗಳು ಈ ಸೀಮೆಯ ಕರಿಜಾಲಿಯನ್ನು ಎರಡೇ ಬೇಸಗೆಯಲ್ಲಿ ನುಂಗಿಬಿಟ್ಟಾವು. ಆದರೆ ತಾನೇ ನೆಟ್ಟ ಗಿಡವನ್ನು ನೆಟ್ಟ ವರ್ಷವೇ ಪಹಣಿಯ ಆ ಬರಿದಾದ ಅಂಕಣದಲ್ಲಿ ಬರೆಯಿಸಿದವನಿಗೆ, ಮುಂದೆ ಕಡಿಯುವಾಗ ಆ ಬರಹವನ್ನೇ ಅರ್ಜಿಯ ಅರ್ಧವೆಂದು ಎಣಿಸಬಾರದೇಕೆ? ಕಡಿದವನು ಅದೇ ಜಾಗದಲ್ಲಿ ಬೇರೆ ಗಿಡಗಳನ್ನು ನೆಡತಕ್ಕದ್ದೆಂಬ ಕಟ್ಟಳೆಯೂ ಇದೇ ಅಧಿನಿಯಮದಲ್ಲಿದೆ; ಅದರ ಪಾಡು ಎಲ್ಲಕ್ಕಿಂತ ಶೋಚನೀಯ. ಮರ ನಿಂತಿರುವಾಗ ಅಳತೆಯ ಪಟ್ಟಿ ಹಿಡಿದು ಒಮ್ಮೆ ಬರುವ ಇಲಾಖೆಯು, ಮರ ಬಿದ್ದ ಮೇಲಿನ ಎರಡನೆಯ ಬೇಸಗೆಯಲ್ಲಿ, ಸಸಿ ಬದುಕುವುದೋ ಬಾಡುವುದೋ ನಿಶ್ಚಯವಾಗುವ ಚೈತ್ರ ವೈಶಾಖಗಳಲ್ಲಿ, ಅದೇ ಬದುವಿಗೆ ಮರಳಿ ಬಂದುದನ್ನು ನಾನು ಕಂಡಿಲ್ಲ. ಅಷ್ಟರೊಳಗೆ ಕಡತವು ಮುಕ್ತಾಯವಾಗಿ ಕಪಾಟು ಸೇರಿರುತ್ತದೆ, ಬೊಡ್ಡೆಯಿದ್ದ ಕಡೆಗೂ ನೇಗಿಲು ಹಾಯ್ದು ಬದುವು ಒಂದು ಮೊಳ ಸಣ್ಣದಾಗಿರುತ್ತದೆ.