ಸೆಜಾನಸನ ಹೆಸರು ಕೆತ್ತಿ ತೆಗೆದವರು

ರೋಮನ್ ನಾಣ್ಯಗಳ ಚಿತ್ರ, ಬರಹಗಳನ್ನು ಆ ಕಾಲದ ಜನ ಗಮನಿಸುತ್ತಲೇ ಇರಲಿಲ್ಲ ಎಂಬ ಹಳೆಯ ವಾದಕ್ಕೆ ಉತ್ತರ ಹೇಳಬೇಕಿದೆ. 1956ರಲ್ಲಿ ಈ ವಾದ ಹೂಡಿದವರು ಇತಿಹಾಸಕಾರ ಎ.ಎಚ್.ಎಂ. ಜೋನ್ಸ್. ನಾಣ್ಯದ ಚಿತ್ರಗಳಿಗೆ ಅವರು ಕೊಟ್ಟ ಸ್ಥಾನ ಇಂದಿನ ಅಂಚೆಚೀಟಿಯ ಚಿತ್ರಗಳದ್ದು. ಜೋನ್ಸ್ ಮಹಾ ವಿದ್ವಾಂಸರು. ಆದರೆ ಈ ವಾದ ನಿಲ್ಲುವುದಿಲ್ಲ.

ಸ್ಪೇನಿನ ಬಿಲ್ಬಿಲಿಸ್ ಎಂಬ ಸಣ್ಣ ಊರು ಕ್ರಿ.ಶ. 31ರಲ್ಲಿ ತಾಮ್ರದ ನಾಣ್ಯ ಅಚ್ಚು ಹಾಕಿಸಿತು. ಮುಮ್ಮುಖದಲ್ಲಿ ಚಕ್ರವರ್ತಿ ಟೈಬೀರಿಯಸ್, ಹಿಮ್ಮುಖದಲ್ಲಿ ಹೂಮಾಲೆ, ಸುತ್ತ ಆ ವರ್ಷದ ಇಬ್ಬರು ಕಾನ್ಸುಲರ ಹೆಸರು: ಒಬ್ಬ ಸ್ವತಃ ಚಕ್ರವರ್ತಿ, ಇನ್ನೊಬ್ಬ ಅವನ ಬಲಗೈಯಾಗಿದ್ದ ಸೆಜಾನಸ್. ಅದೇ ಅಕ್ಟೋಬರಿನಲ್ಲಿ ಸೆಜಾನಸನಿಗೆ ಮರಣದಂಡನೆಯಾಯಿತು. ಇಂದು ಸಿಗುವ ಕೆಲವು ನಾಣ್ಯಗಳಲ್ಲಿ ಅವನ ಹೆಸರಿದ್ದ ಜಾಗವನ್ನಷ್ಟೇ ಯಾರೋ ಉಳಿಯಿಂದ ಕೆತ್ತಿ ತೆಗೆದಿದ್ದಾರೆ. ಪುಡಿಕಾಸಿನ ಮೇಲಿನ ಅಕ್ಷರಗಳನ್ನು ಯಾರೂ ಓದದಿದ್ದರೆ ಈ ಶ್ರಮವೇಕೆ?

ತತ್ವಜ್ಞಾನಿ ಎಪಿಕ್ಟೆಟಸನ ಉಪದೇಶಗಳೂ ಇದನ್ನೇ ಸಾರುತ್ತವೆ. ಮನುಷ್ಯರ ಗುಣ ಅಳೆಯುವ ಬಗೆಯನ್ನು ವಿವರಿಸುವಾಗ ಆತ ನಾಣ್ಯದ ಉದಾಹರಣೆ ಕೊಡುತ್ತಾನೆ: ಚಕ್ರವರ್ತಿ ಟ್ರಾಜನನ ಮುದ್ರೆ ಇದ್ದರೆ ತೆಗೆದುಕೋ, ಚಕ್ರವರ್ತಿ ನೀರೊನದಾದರೆ ಎಸೆದುಬಿಡು. ಮುದ್ರೆ ಯಾರದೆಂದು ನೋಡುವ ರೂಢಿ ಕೇಳುಗರಲ್ಲಿ ಇದ್ದದ್ದರಿಂದಲೇ ಈ ಮಾತು ಅವರಿಗೆ ತಾಕಿತು.

ಲ್ಯಾಟಿನ್ ಬಾರದ ಕಡೆ? ಅಲ್ಲಿನ ಕತೆ ಇನ್ನೂ ಸ್ವಾರಸ್ಯಕರ.

ದಕ್ಷಿಣ ಭಾರತದ ನಿಧಿಗಳಲ್ಲಿ ಮತ್ತೆ ಮತ್ತೆ ಸಿಗುವುದು ಚಕ್ರವರ್ತಿ ಅಗಸ್ಟಸನ ಮೊಮ್ಮಕ್ಕಳಾದ ಗೈಯಸ್, ಲೂಸಿಯಸರ ಚಿತ್ರವಿರುವ ಬೆಳ್ಳಿ ನಾಣ್ಯ ದಿನಾರಿಯಸ್. ಟೋಗಾ ತೊಟ್ಟ ಇಬ್ಬರು ಹುಡುಗರು, ನಡುವೆ ಗುರಾಣಿ ಮತ್ತು ಈಟಿಗಳು, ಮೇಲೆ ಪುರೋಹಿತರ ಸಲಕರಣೆ. ಮುಂದಿನ ಒಡೆಯರು ಇವರೇ ಎಂಬ ಘೋಷಣೆ ಅದು. ಲೂಸಿಯಸ್ ಕ್ರಿ.ಶ. 2ರಲ್ಲಿ, ಗೈಯಸ್ 4ರಲ್ಲಿ ತೀರಿಕೊಂಡರು; ಅವರ ನಾಣ್ಯಗಳು ಮಾತ್ರ ಹಡಗೇರಿ ಇತ್ತ ಬರುತ್ತಲೇ ಇದ್ದವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ದಿನಾರಿಯಸ್‌ಗಳ ನಿಧಿಯೇ ದೊರಕಿತು.

1898ರಲ್ಲಿ ಸಿಕ್ಕ ಪುದುಕ್ಕೋಟೆಯ 501 ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಉಳಿಯ ಗೀರಿದೆ, ಅದೂ ಚಕ್ರವರ್ತಿಯ ತಲೆಯ ಮೇಲೆ. ಗೀರು ಹಾಕಿದವರು ಮುಮ್ಮುಖವನ್ನೇ ಹುಡುಕಿದ್ದಾರೆ. ಇಲ್ಲಿ ತಯಾರಾದ ಅನುಕರಣೆಗಳಲ್ಲಂತೂ ಅರಸನ ಮುಖ ಉಳಿದು, ಲ್ಯಾಟಿನ್ ಅಕ್ಷರಗಳು ಬರೀ ಗೆರೆಗಳಾಗಿವೆ. ಸಂಗ್ರಾಹಕರು ಇವನ್ನು ನಕಲಿ ಎಂದು ಬದಿಗಿಡುವುದು ಅನ್ಯಾಯ. ಪರದೇಶದ ನಾಣ್ಯದಲ್ಲಿ ಇಲ್ಲಿನ ಕುಶಲಕರ್ಮಿಗೆ ಕಂಡದ್ದೇನು, ಕಾಣದೆ ಹೋದದ್ದೇನು ಎಂಬುದಕ್ಕೆ ಉಳಿದಿರುವ ಸಾಕ್ಷಿ ಇವೇ.