ದುಡಿದರೆ ಹೆರಿಗೆ ಸಲೀಸು: ಒಂದು ಅರ್ಧ ಸತ್ಯ

ಬಸುರಿ ದುಡಿದಷ್ಟೂ ಹೆರಿಗೆ ಸಲೀಸು ಎಂಬ ನಂಬಿಕೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಒಕ್ಕಲು ಮನೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ನಡ ನೋಯುತ್ತದೆ ಎಂದವಳಿಗೆ ‘ಬಸುರಿಯಾದ ಮೇಲೆ ಇದ್ದದ್ದೇ’ ಎಂಬ ಸಮಾಧಾನ ಸಿಗುತ್ತದೆ. ಈ ಎರಡು ಮಾತುಗಳ ಮೇಲೆ ನಿಂತ ಆರೈಕೆಯನ್ನು ಒರೆಗೆ ಹಚ್ಚಲೇಬೇಕು.

ಮೈ ಆಡಿಸುತ್ತಿರಬೇಕು ಎಂಬ ಮಟ್ಟಿಗೆ ನಂಬಿಕೆಯಲ್ಲಿ ಹುರುಳಿದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಅವಲೋಕನ 34 ಪ್ರಯೋಗಗಳನ್ನು, ಐದು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಅನುಭವವನ್ನು ಪರಿಶೀಲಿಸಿ, ವ್ಯಾಯಾಮದಿಂದ ಸೊಂಟನೋವು ತಗ್ಗಬಹುದು ಎಂದಿತು. ಪುರಾವೆ ಇನ್ನೂ ಬಲವಾಗಬೇಕೆಂದೂ ಹೇಳಿತು. ನೋವೆಂದು ದಿನವಿಡೀ ಮಲಗಿಸುವುದೂ ಮದ್ದಲ್ಲ. ಆದರೆ ನಡಿಗೆ ಬೇರೆ, ದುಡಿತ ಬೇರೆ. ಬಸುರಿನಲ್ಲಿ ಹಾರ್ಮೋನುಗಳಿಂದ ಕೀಲುಗಳನ್ನು ಹಿಡಿದ ನಾರುಗಳು ಸಡಿಲಾಗುತ್ತವೆ. ಹೊಟ್ಟೆ ಮುಂದೆ ಬಂದಂತೆ ಭಾರವೆಲ್ಲ ಬೆನ್ನಿನ ಬುಡಕ್ಕೆ ಬೀಳುತ್ತದೆ. ಆಗ ಮೆಕ್ಕೆಜೋಳದ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವುದು, ಒಂದೇ ಮಗ್ಗುಲಿಗೆ ಕೊಡ ಹೊರುವುದು, ಹಡಗಲಿಯ ಮಲ್ಲಿಗೆ ತೋಟದಲ್ಲಿ ಬಾಗಿ ಮೊಗ್ಗು ಬಿಡಿಸುವುದು ಸಡಿಲಾದ ಕೀಲನ್ನೇ ಎಳೆಯುತ್ತವೆ. ಐವರು ಗರ್ಭಿಣಿಯರಲ್ಲಿ ಸುಮಾರು ಒಬ್ಬರಿಗೆ ಕಾಡುವ ಕಟಿಕೀಲಿನ (ಸೊಂಟದ ಮೂಳೆಗಳ ಕೀಲಿನ) ನೋವು ಒಂಟಿ ಕಾಲ ಮೇಲೆ ನಿಂತಾಗ, ಮೆಟ್ಟಿಲೇರುವಾಗ, ಹಾಸಿಗೆಯಲ್ಲಿ ಹೊರಳುವಾಗ ಚುಚ್ಚುತ್ತದೆ.

ಸರ್ಕಾರಿ ಆರೈಕೆಯ ಸಾಧನೆ ದೊಡ್ಡದು. ತಾಯಿ ಕಾರ್ಡ್, 2016ರಿಂದ ಪ್ರತಿ ತಿಂಗಳ 9ರಂದು ನಡೆಯುವ ಉಚಿತ ತಪಾಸಣೆ, ಕಬ್ಬಿಣಾಂಶದ ಗುಳಿಗೆಗಳು ಜೀವ ಉಳಿಸುವ ಕೆಲಸಗಳು. ಅಲ್ಲೇ ಎರಡು ಪ್ರಶ್ನೆ ಸೇರಬೇಕು: ನೋವು ಎಲ್ಲಿ? ಯಾವ ಕೆಲಸಕ್ಕೆ ಹೆಚ್ಚು? ಉತ್ತರ ಸಿಕ್ಕರೆ ಪರಿಹಾರಕ್ಕೆ ಖರ್ಚಿಲ್ಲ. ಕೂತು ಬಟ್ಟೆ ತೊಡುವುದು, ಮಂಡಿ ಜೋಡಿಸಿ ಮಗ್ಗುಲು ತಿರುಗುವುದು, ಮಲಗುವಾಗ ಮಂಡಿಗಳ ನಡುವೆ ದಿಂಬು ಇಡುವುದು, ಬೆನ್ನಿಗೆ ಹದ ಬಿಸಿಯ ಶಾಖ, ಆಗಾಗ ಕೂರುವುದು. ಔಷಧದಂಗಡಿಯಿಂದ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರ ಬೇಡ. 20 ವಾರದ ಬಳಿಕ ಅವು ಮಗುವಿನ ಮೂತ್ರಪಿಂಡಕ್ಕೆ, ಕೊನೆಯ ತಿಂಗಳುಗಳಲ್ಲಿ ಹೃದಯದ ರಕ್ತನಾಳಕ್ಕೆ ಅಪಾಯ. ನೋವು ಬಿಟ್ಟು ಬಿಟ್ಟು ಬಂದು ಹೊಟ್ಟೆ ಬಿಗಿದರೆ, ರಕ್ತ ಅಥವಾ ನೀರು ಹೋದರೆ, ಜ್ವರವೋ ಉರಿಮೂತ್ರವೋ ಇದ್ದರೆ, ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಮ್ಮ ಸಂಪ್ರದಾಯ ನಡವನ್ನು ಮರೆತದ್ದಲ್ಲ. ಬಾಣಂತಿಗೆ ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ನಡಕ್ಕೆ ಬಟ್ಟೆ ಕಟ್ಟುವ ಅಕ್ಕರೆ ಅದರಲ್ಲಿದೆ. ಆ ಅಕ್ಕರೆ ಹೆರಿಗೆಯವರೆಗೆ ಕಾಯುತ್ತದೆ ಎಂಬುದೇ ಅದರ ಕೊರತೆ. ಕುಬಸದ (ಸೀಮಂತದ) ದಿನ ಹಸಿರು ಬಳೆ ತೊಡಿಸಿ, ಬುತ್ತಿ ಉಣಿಸುವ ಮನೆ, ಮರುದಿನ ನೀರಿನ ಕೊಡವನ್ನು ಅವಳ ಸೊಂಟಕ್ಕೇ ಬಿಡುತ್ತದೆ. ಗಂಡ, ಅತ್ತೆ, ಮೈದುನರು ಕೂತು ಕೊಡ ಯಾರು ಹೊರಬೇಕು, ಕಳೆಗೆ ಯಾರು ಹೋಗಬೇಕು ಎಂದು ಕುಬಸದಂದೇ ತೀರ್ಮಾನಿಸಲಿ. ಬಸುರಿಯ ನೋವು ಸಹಜ ಎಂಬುದು ನಿಜ. ಅದನ್ನು ಅವಳೊಬ್ಬಳೇ ಹೊರಬೇಕೆಂಬುದು ಮನೆಯವರು ಮಾಡಿದ ಏರ್ಪಾಡು, ಅದನ್ನು ಮನೆಯವರೇ ಬದಲಿಸಬಲ್ಲರು.